ಗೋಲ್‌ಕೀಪರ್, ಕೋಚ್, ಅಧ್ಯಕ್ಷ: ಡಿನೊ ಜಾಫ್ ಕೊಟ್ಟ ಜವಾಬು

ನಮ್ಮ ವ್ಯವಹಾರ ಅಧ್ಯಯನದ ಪಠ್ಯದಲ್ಲಿ ಅಧಿಕಾರ ನಿಯೋಜನೆ ಎಂಬ ಭಾಗವಿದೆ. ಅದರಲ್ಲಿ ಮೂರು ಪದಗಳು ಬರುತ್ತವೆ: ಅಧಿಕಾರ, ಜವಾಬ್ದಾರಿ, ಉತ್ತರದಾಯಿತ್ವ. ಮೇಲಿನವರು ತಮ್ಮ ಅಧಿಕಾರದಲ್ಲಿ ಒಂದಿಷ್ಟನ್ನು ಕೆಳಗಿನವರಿಗೆ ಕೊಡಬಹುದು, ಕೆಲಸವನ್ನೂ ವಹಿಸಬಹುದು. ಆದರೆ ಫಲಿತಾಂಶಕ್ಕೆ ಉತ್ತರ ಕೊಡುವುದನ್ನು ಮಾತ್ರ ಇನ್ನೊಬ್ಬರ ಮೇಲೆ ಹಾಕುವಂತಿಲ್ಲ. ಪರೀಕ್ಷೆಗಾಗಿ ನಾವೆಲ್ಲ ಇದನ್ನು ಬಾಯಿಪಾಠ ಮಾಡುತ್ತೇವೆ. ಮನೆಯಲ್ಲಿ ನಾವಾಡುವ ಉರ್ದುವಿನಲ್ಲಿ ಜವಾಬ್ದಾರಿಗೆ ಜಿಮ್ಮೇದಾರಿ ಎನ್ನುತ್ತಾರೆ, ಉತ್ತರದಾಯಿತ್ವಕ್ಕೆ ಜವಾಬ್‌ದೇಹಿ, ಅಂದರೆ ಜವಾಬು ಕೊಡುವುದು. ಕನ್ನಡದ ಜವಾಬ್ದಾರಿ ಎಂಬ ಪದದೊಳಗೂ ಅದೇ ಜವಾಬು ಕೂತಿದೆ! ಈ ಪಾಠ ನನಗೆ ಚೆನ್ನಾಗಿ ಅರ್ಥವಾದದ್ದು ಇಟಲಿಯ ಗೋಲ್‌ಕೀಪರ್ ಡಿನೊ ಜಾಫ್ ಅವರ ಬದುಕನ್ನು ಓದಿದಾಗ.

ಫುಟ್‌ಬಾಲ್‌ನಲ್ಲಿ ಫಾರ್ವರ್ಡ್ ಆಟಗಾರ ಮೂರು ಅವಕಾಶ ಹಾಳುಮಾಡಿ ನಾಲ್ಕನೆಯದರಲ್ಲಿ ಗೋಲು ಹೊಡೆದರೆ ಹೀರೋ ಆಗುತ್ತಾನೆ. ಗೋಲ್‌ಕೀಪರ್ ಮೂರು ಹೊಡೆತ ತಡೆದು ನಾಲ್ಕನೆಯದನ್ನು ಬಿಟ್ಟರೆ ಜನ ನೆನಪಿಡುವುದು ಆ ನಾಲ್ಕನೆಯದನ್ನು. ಅವನ ಹಿಂದೆ ಇರುವುದು ಬಲೆ ಮಾತ್ರ, ಬೆರಳು ತೋರಿಸಲು ಯಾರೂ ಇಲ್ಲ. ಹಾಗಾಗಿ ಉತ್ತರದಾಯಿತ್ವ ಅವನ ಕೆಲಸದಲ್ಲೇ ಇದೆ.

ಜಾಫ್ ಹುಟ್ಟಿದ್ದು 1942ರಲ್ಲಿ, ಈಶಾನ್ಯ ಇಟಲಿಯ ರೈತ ಕುಟುಂಬದಲ್ಲಿ. 14ನೇ ವಯಸ್ಸಿನಲ್ಲಿ ಇಂಟರ್ ಮತ್ತು ಯುವೆಂಟಸ್ ಎಂಬ ದೊಡ್ಡ ಕ್ಲಬ್‌ಗಳು ಎತ್ತರ ಸಾಲದೆಂದು ಅವರನ್ನು ವಾಪಸ್ ಕಳಿಸಿದವು. ಅಜ್ಜಿ ದಿನಕ್ಕೆ ಎಂಟು ಮೊಟ್ಟೆ ತಿನ್ನಿಸಿ ಮೊಮ್ಮಗನನ್ನು ಬೆಳೆಸಿದರಂತೆ. ತಂದೆ ಮಾತ್ರ ಕೈಗೊಂದು ಕೆಲಸವಿರಲಿ ಎಂದು ಮೆಕ್ಯಾನಿಕ್ ಕೆಲಸ ಕಲಿಯಲು ಹೇಳಿದರು. ನಮ್ಮಲ್ಲಿ ಎಷ್ಟೋ ಮಂದಿಗೆ ಮನೆಯಲ್ಲಿ ಸಿಗುವುದು ಇದೇ ಸಲಹೆ. 1961ರಲ್ಲಿ ಉದಿನೇಸೆ ತಂಡದ ಪರವಾಗಿ ಇಟಲಿಯ ಮೊದಲ ದರ್ಜೆಯ ಲೀಗ್‌ನಲ್ಲಿ ಆಡಿದ ಮೊದಲ ಪಂದ್ಯದಲ್ಲೇ ಐದು ಗೋಲು ಬಿಟ್ಟುಕೊಟ್ಟರು. ಮಾಂಟೊವಾ, ನಾಪೋಲಿ ದಾಟಿ 1972ರಲ್ಲಿ, ಹಿಂದೆ ಬೇಡವೆಂದಿದ್ದ ಅದೇ ಯುವೆಂಟಸ್‌ಗೆ ಸೇರಿದಾಗ ಅವರಿಗೆ 30 ವರ್ಷ.

ಅಂತರರಾಷ್ಟ್ರೀಯ ಪಂದ್ಯಗಳಲ್ಲಿ 1,142 ನಿಮಿಷ ಒಂದೂ ಗೋಲು ಬಿಡದ ದಾಖಲೆ ಅವರದು. ಆದರೂ 1978ರ ವಿಶ್ವಕಪ್‌ನಲ್ಲಿ ದೂರದಿಂದ ಬಂದ ಹೊಡೆತಗಳಿಗೆ ಗೋಲು ಬಿಟ್ಟಾಗ, ಮುದುಕನಾದ, ಇನ್ನು ಸಾಕು ಎಂದರು. ಜಾಫ್ ಅಭ್ಯಾಸ ಬಿಡಲಿಲ್ಲ. 1982ರಲ್ಲಿ ಬ್ರೆಜಿಲ್ ವಿರುದ್ಧ ಇಟಲಿ 3–2ರಿಂದ ಮುಂದಿದ್ದಾಗ, ಕೊನೆಯ ನಿಮಿಷಗಳಲ್ಲಿ ಆಸ್ಕರ್ ತಲೆಯಿಂದ ಹೊಡೆದ ಚೆಂಡನ್ನು ಗೆರೆಯ ಮೇಲೇ ಹಿಡಿದು ನಿಲ್ಲಿಸಿದರು. ಆ ವರ್ಷ ನಾಯಕರಾಗಿ ವಿಶ್ವಕಪ್ ಎತ್ತಿದಾಗ ಅವರಿಗೆ 40 ವರ್ಷ.

1983ರಲ್ಲಿ ಆಟ ನಿಲ್ಲಿಸಿದರು. ಇಲ್ಲಿಂದಲೇ ನಮ್ಮ ಪಾಠ ಶುರು. ಗೋಲ್‌ಕೀಪರ್‌ಗೆ ಇಡೀ ಮೈದಾನ ಎದುರಿಗೆ ಕಾಣುತ್ತದೆ, ಡಿಫೆಂಡರ್‌ಗಳನ್ನು ಕೂಗಿ ನಿಲ್ಲಿಸುವುದೂ ಅವನೇ. ಇವೆರಡೂ ಕೋಚ್‌ಗೆ ಬೇಕಾದ ಗುಣಗಳೇ. ಆದರೆ ಕೋಚ್ ಚೆಂಡು ಮುಟ್ಟುವಂತಿಲ್ಲ. ತನ್ನ ಕೈಯಿಂದ ತಡೆದು ಅಭ್ಯಾಸವಾದವನು, ಬೇರೆಯವರ ಕಾಲಿನಿಂದಾದ ತಪ್ಪಿಗೆ ಜವಾಬು ಕೊಡಬೇಕು. ಇದು ನನ್ನ ಪ್ರಕಾರ ಗೋಲ್‌ಕೀಪರ್ ಕೆಲಸಕ್ಕಿಂತ ಕಷ್ಟ.

1988ರಲ್ಲಿ ಅವರು ಯುವೆಂಟಸ್ ಕೋಚ್ ಆದರು. ಸಹಾಯಕರಾಗಿದ್ದವರು 1982ರ ತಂಡದ ಗೆಳೆಯ ಗಾಯೆಟಾನೊ ಶಿರಿಯಾ. 1989ರ ಸೆಪ್ಟೆಂಬರ್‌ನಲ್ಲಿ ಎದುರಾಳಿ ತಂಡದ ಆಟ ನೋಡಿಬರಲು ಪೋಲೆಂಡ್‌ಗೆ ಹೋಗಿದ್ದ ಶಿರಿಯಾ ಅಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡರು. ಆ ದುಃಖದ ನಡುವೆಯೇ ಅದೇ ಋತುವಿನಲ್ಲಿ ಜಾಫ್ ತಂಡ ಇಟಾಲಿಯನ್ ಕಪ್ ಮತ್ತು ಯುಇಎಫ್‌ಎ ಕಪ್ ಎರಡನ್ನೂ ಗೆದ್ದಿತು. ಆದರೂ ಕ್ಲಬ್ ಅವರನ್ನು ಮುಂದುವರಿಸಲಿಲ್ಲ. ಹೊಸ ಕೋಚ್ ಬಂದರು, ಮುಂದಿನ ವರ್ಷ ಯುವೆಂಟಸ್ ಲೀಗ್‌ನಲ್ಲಿ ಏಳನೇ ಸ್ಥಾನಕ್ಕೆ ಇಳಿಯಿತು. ಲೆಕ್ಕಶಾಸ್ತ್ರದಲ್ಲಿ ಸುನಾಮವನ್ನೂ ಆಸ್ತಿಯೆಂದು ತೋರಿಸುತ್ತೇವೆ. ಅದನ್ನು ಕಳೆದುಕೊಂಡದ್ದು ಆ ಕ್ಲಬ್‌ಗೆ ಒಂದು ವರ್ಷ ತಡವಾಗಿ ತಿಳಿದಿರಬೇಕು.

ಮುಂದೆ ರೋಮ್‌ನ ಲಾಜಿಯೊ ಕ್ಲಬ್. 1990ರಿಂದ ಕೋಚ್, 1994ರಲ್ಲಿ ಅದೇ ಕ್ಲಬ್‌ನ ಅಧ್ಯಕ್ಷ. ಪಠ್ಯದ ಪಿರಮಿಡ್ ಚಿತ್ರದಲ್ಲಿ ಇದು ಮಧ್ಯಮ ಹಂತದಿಂದ ಉನ್ನತ ಹಂತಕ್ಕೆ ಏರಿದಂತೆ. 1997ರ ಜನವರಿಯಲ್ಲಿ ತಂಡ ಸರಿಯಾಗಿ ಆಡದೆ ಕೋಚ್ ಜ್ಡೆನೆಕ್ ಜೆಮನ್ ಅವರನ್ನು ತೆಗೆದರು. ಆಗ ಜಾಫ್ ತಾವೇ ಕೆಳಗಿಳಿದು ಕೋಚ್‌ನ ಬೆಂಚಿನಲ್ಲಿ ಕುಳಿತರು, ತಂಡ ನಾಲ್ಕನೇ ಸ್ಥಾನದಲ್ಲಿ ಋತು ಮುಗಿಸಿತು. ನಮ್ಮ ಪಿರಮಿಡ್ ಚಿತ್ರದಲ್ಲಿ ಹೀಗೆ ಅಧ್ಯಕ್ಷರೇ ಕೆಳಗಿಳಿದು ಬರುವುದನ್ನು ನಾನು ನೋಡಿಲ್ಲ. ನಿಯೋಜಿಸಿದ ಕೆಲಸ ಕೆಟ್ಟಾಗ ಜವಾಬು ಯಾರದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

1998ರಲ್ಲಿ ರಾಷ್ಟ್ರೀಯ ತಂಡದ ಕೋಚ್. 2000ದ ಯುರೋ ಟೂರ್ನಿಗೆ ಸ್ವಲ್ಪ ಮೊದಲು ಗೋಲ್‌ಕೀಪರ್ ಬುಫೊನ್ ಕೈಗೆ ಪೆಟ್ಟಾಯಿತು. ಬದಲಿಗೆ ನಿಂತ ಟೋಲ್ಡೊ ಸೆಮಿಫೈನಲ್‌ನಲ್ಲಿ ಪೆನಾಲ್ಟಿಗಳನ್ನು ತಡೆದು ತಂಡವನ್ನು ದಾಟಿಸಿದರು. ಫೈನಲ್‌ನಲ್ಲಿ ಫ್ರಾನ್ಸ್ ವಿರುದ್ಧ ಇಟಲಿ 1–0 ಮುಂದಿತ್ತು. ಹೆಚ್ಚುವರಿ ನಿಮಿಷಗಳಲ್ಲಿ ವಿಲ್ಟೋರ್ ಸಮ ಮಾಡಿದರು, ನಂತರ ಟ್ರೆಜೆಗೆ ಹೊಡೆದ ಗೋಲ್ಡನ್ ಗೋಲಿನಿಂದ ಕಪ್ ಫ್ರಾನ್ಸ್ ಪಾಲಾಯಿತು. ಮಿಲಾನ್ ಕ್ಲಬ್‌ನ ಮಾಲೀಕರೂ ರಾಜಕೀಯ ನಾಯಕರೂ ಆಗಿದ್ದ ಬೆರ್ಲುಸ್ಕೋನಿ, ಜಿದಾನ್ ಅವರನ್ನು ಕಾಯಲು ಒಬ್ಬನನ್ನು ಬಿಡಲಿಲ್ಲವೆಂದು ಜಾಫ್ ಅವರನ್ನು ಬಹಿರಂಗವಾಗಿ ಹಳಿದರು. ಜಾಫ್ ರಾಜೀನಾಮೆ ಕೊಟ್ಟರು.

ಇದನ್ನು ಹೇಳಿದಾಗ ನಮ್ಮ ಬೆಂಚಿನ ಗೆಳೆಯನೊಬ್ಬ ಕೇಳಿದ: ಬಿಟ್ಟು ಹೋಗುವುದು ಜವಾಬು ಹೇಗಾಗುತ್ತದೆ, ಅದು ಓಡಿಹೋದಂತಲ್ಲವೇ? ಪ್ರಶ್ನೆ ಸರಿಯೇ. ಜಿದಾನ್‌ನನ್ನು ಯಾಕೆ ಕಾಯಲಿಲ್ಲ ಎಂಬುದು ಕೆಲಸದ ಪ್ರಶ್ನೆ, ಅದಕ್ಕೆ ಕೋಚ್ ಜವಾಬು ಕೊಡಲೇಬೇಕು. ಆದರೆ ಆ ಮಾತುಗಳು ತಂತ್ರದ ಬಗ್ಗೆ ಮಾತ್ರ ಇರಲಿಲ್ಲ, ಮನುಷ್ಯನ ಇಜ್ಜತ್ತಿನ ಮೇಲಿದ್ದವು. ಅದಕ್ಕೆ ಬೈಗುಳದಿಂದ ಉತ್ತರಿಸದೆ ಹುದ್ದೆಯನ್ನೇ ಬಿಟ್ಟರು. ಗೆಳೆಯ ಇನ್ನೂ ಒಪ್ಪಿಲ್ಲ. ಓದುಗರು ಏನನ್ನುತ್ತೀರಿ?

2001ರಲ್ಲಿ ಮತ್ತೆ ಲಾಜಿಯೊ. ಕೊನೆಗೆ 2005ರಲ್ಲಿ, ಕೆಳಗಿನ ದರ್ಜೆಗೆ ಬೀಳುವಂತಿದ್ದ ಫಿಯೊರೆಂಟಿನಾ ತಂಡವನ್ನು ಋತುವಿನ ನಡುವೆ ಕೈಗೆತ್ತಿಕೊಂಡರು. ತಂಡ ಉಳಿದದ್ದು ಕೊನೆಯ ದಿನದ ಪಂದ್ಯದಲ್ಲಿ. ಮುಂದಿನ ಋತುವಿಗೆ ಕ್ಲಬ್ ಬೇರೆ ಕೋಚ್‌ನನ್ನು ನೇಮಿಸಿತು. ಆಗ ಜಾಫ್‌ಗೆ 63 ವರ್ಷ.