ವಿದ್ಯುತ್ ಸ್ಥಿರವಾಗುವವರೆಗೆ ಯಂತ್ರ ಕಾಯಲಿ

ವಿದ್ಯುತ್ ಹೋಗಿ ಮರಳಿ ಬಂದೊಡನೆ ಬಿಲ್ಲಿಂಗ್ ಯಂತ್ರವೋ ಎಲೆಕ್ಟ್ರಾನಿಕ್ ತಕ್ಕಡಿಯೋ ಸ್ತಬ್ಧವಾಗುವುದು, ಮೆಮೊರಿಯಲ್ಲಿನ ದಾಖಲೆ ಕೆಡುವುದು ಅನೇಕ ವರ್ತಕರ ಅನುಭವ. ದೋಷವನ್ನು ಸಾಮಾನ್ಯವಾಗಿ ಸಾಫ್ಟ್‌ವೇರ್ ಮೇಲೆ ಹೊರಿಸಲಾಗುತ್ತದೆ. ಮೂಲ ಬೇರೆಡೆ ಇರಬಹುದು.

5 ವೋಲ್ಟಿನಲ್ಲಿ ನಡೆಯುವ ಮೈಕ್ರೋಕಂಟ್ರೋಲರನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಪವರ್ ಸಪ್ಲೈ ಈ ಮಟ್ಟವನ್ನು ಒಮ್ಮೆಲೇ ತಲುಪದು. ಕೆಪಾಸಿಟರ್‌ಗಳು ತುಂಬುತ್ತಿದ್ದಂತೆ ವೋಲ್ಟೇಜ್ ಕ್ರಮೇಣ ಏರುತ್ತದೆ. ಅಷ್ಟರೊಳಗೆ ಚಿಪ್ ಕೆಲಸ ಆರಂಭಿಸಿದರೆ ಆದೇಶಗಳನ್ನು ತಪ್ಪಾಗಿ ಓದಿ, ಮೆಮೊರಿಯಲ್ಲಿ ತಪ್ಪು ಅಂಕಿಗಳನ್ನು ಬರೆಯುವ ಸಂಭವವಿದೆ.

ಆದುದರಿಂದ ಚಿಪ್ಪನ್ನು ಕೆಲಕಾಲ ರೀಸೆಟ್ ಸ್ಥಿತಿಯಲ್ಲಿ ತಡೆಹಿಡಿಯಬೇಕು. ರೀಸೆಟ್ ಪಿನ್ನಿಗೆ 10 ಕಿಲೋಓಮ್ ರೆಸಿಸ್ಟರ್, 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಜೋಡಿಸಿದರೆ ಸುಮಾರು 100 ಮಿಲಿಸೆಕೆಂಡು ವಿಳಂಬ ದೊರೆಯುತ್ತದೆ. ಇದು ಅಗ್ಗದ ಕ್ರಮ. ಆದರೆ ವೋಲ್ಟೇಜನ್ನು ಅಳೆಯದು. ಕ್ಷಣಿಕ ಕಡಿತದಲ್ಲಿ ಕೆಪಾಸಿಟರ್ ಪೂರ್ತಿ ಬರಿದಾಗದೆ ವಿಳಂಬವೇ ತಪ್ಪಬಹುದು. ಮ್ಯಾಕ್ಸ್ 809 ಎಲ್ ಮಾದರಿಯ ಸೂಪರ್‌ವೈಸರ್ ಚಿಪ್ಪಾದರೋ ವೋಲ್ಟೇಜ್ ಸುಮಾರು 4.63 ದಾಟಿದ ಮೇಲೂ ಕನಿಷ್ಠ 140 ಮಿಲಿಸೆಕೆಂಡು ತಡೆದು, ಕುಸಿದರೆ ಪುನಃ ನಿಲ್ಲಿಸುತ್ತದೆ.

ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಅಧಿನಿಯಮ, 2017ರ 36ನೆಯ ಕಲಮಿನಂತೆ, ಲೆಕ್ಕಪತ್ರಗಳನ್ನು ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸುವ ಅಂತಿಮ ದಿನದಿಂದ 72 ತಿಂಗಳು ಉಳಿಸಿಕೊಳ್ಳಬೇಕು. ಅಳಿದ ದಾಖಲೆಯ ಹೊಣೆ ಯಂತ್ರದ್ದಲ್ಲ, ವರ್ತಕನದು. ಆದ್ದರಿಂದ ಕೊಳ್ಳುವವರು ಇಂತಹ ರೀಸೆಟ್ ವ್ಯವಸ್ಥೆ ಇದೆಯೇ ಎಂದು ಲಿಖಿತವಾಗಿ ಕೇಳುವುದು, ತಯಾರಕರು ಬೋರ್ಡಿನ ವೆಚ್ಚ ತಗ್ಗಿಸುವಾಗ ಈ ಬಿಡಿಭಾಗವನ್ನು ಕೈಬಿಡದಿರುವುದು ಲೇಸು.