ದಿನಬಳಕೆಯಲ್ಲಿ ಸೂಕ್ಷ್ಮಜೀವಿಗಳು ಮತ್ತು ಗ್ರಾಮದ ಕುಡಿಯುವ ನೀರು

ಆಲೂರು ತಾಲ್ಲೂಕಿನ ಕುಂದೂರು ಭಾಗದ ಮನೆಗಳಲ್ಲಿ ಹಾಲಿಗೆ ಹೆಪ್ಪು ಕೂಡಿಸುವುದೂ, ದೋಸೆ ಹಿಟ್ಟಿಗೆ ಹುಳಿ ಬರಿಸುವುದೂ ಸೂಕ್ಷ್ಮಜೀವಿಗಳೇ. ಚಳಿಯಲ್ಲಿ ಅವುಗಳ ಬೆಳವಣಿಗೆ ಕುಂಠಿತವಾಗುವುದರಿಂದ ಮೊಸರು ತಡವಾಗುತ್ತದೆ. ಪಲ್ಪರ್‌ನಲ್ಲಿ ಸಿಪ್ಪೆ ಬಿಡಿಸಿದ ಅರೇಬಿಕಾ ಬೀಜದ ಲೋಳೆಯನ್ನು ತೊಟ್ಟಿಯಲ್ಲಿ ಕರಗಿಸುವುದೂ ಇವೇ. ಆದರೆ ಆ ಪಲ್ಪಿಂಗ್ ನೀರು ಹಳ್ಳಕ್ಕೆ ಹರಿದಲ್ಲಿ, ಅದರ ಸಕ್ಕರೆಯಂಶವನ್ನುಂಡು ವೃದ್ಧಿಸುವ ಜೀವಿಗಳು ನೀರಿನ ಆಮ್ಲಜನಕವನ್ನು ಹೀರಿಬಿಡುತ್ತವೆ. ಮೀನುಗಳು ಸಾಯುತ್ತವೆ, ನೀರು ನಾರುತ್ತದೆ.

ನಾರುವ ನೀರನ್ನು ಯಾರೂ ಕುಡಿಯರು. ಹೆಚ್ಚಿನ ಅಪಾಯವಿರುವುದು ತಿಳಿಯಾಗಿ ಕಾಣುವ ನೀರಿನಲ್ಲಿ. ಮುಂಗಾರಿನಲ್ಲಿ ಶೌಚಗುಂಡಿ, ಕೊಟ್ಟಿಗೆಗಳ ಕಲ್ಮಶ ತೆರೆದ ಬಾವಿಗೆ ಇಳಿದಾಗ ವಾಂತಿಭೇದಿ, ಟೈಫಾಯ್ಡ್, ಕಾಮಾಲೆಯ ರೋಗಾಣುಗಳು ಮನೆಮನೆಗೆ ತಲುಪುತ್ತವೆ. ಭಾರತೀಯ ಮಾನಕದಂತೆ 100 ಮಿಲಿಲೀಟರ್ ಕುಡಿಯುವ ನೀರಿನಲ್ಲಿ ಇ. ಕೋಲಿ ಬ್ಯಾಕ್ಟೀರಿಯಾ ಒಂದೂ ಇರತಕ್ಕದ್ದಲ್ಲ.

ಟ್ಯಾಂಕಿಗೆ ಬ್ಲೀಚಿಂಗ್ ಪುಡಿಯ ದ್ರಾವಣ ಬೆರೆಸಿ ಕನಿಷ್ಠ 30 ನಿಮಿಷದ ನಂತರವೇ ನೀರು ಬಿಡತಕ್ಕದ್ದು. ಟ್ಯಾಂಕಿನ ಬುಡದಲ್ಲಿಯೇ ಪರೀಕ್ಷಿಸಿ ವಹಿಯಲ್ಲಿ ಬರೆದರೆ ಸಾಲದು. ಗುಡ್ಡದಾಚೆಯ ಕೊನೆಯ ನಲ್ಲಿಯಲ್ಲಿಯೂ ಲೀಟರಿಗೆ 0.2 ಮಿಲಿಗ್ರಾಂ ಉಳಿಕೆ ಕ್ಲೋರಿನ್ ಇರಬೇಕು. ಸದಸ್ಯರು ನೀರುಗಂಟಿಯೊಡನೆ ಅಲ್ಲಿಗೇ ಹೋಗಿ ನೋಡುವುದು ಸೂಕ್ತ. ಬ್ಯಾಕ್ಟೀರಿಯಾ ಪರೀಕ್ಷೆಯ ಬಾಟಲಿಯಲ್ಲಿನ ನೀರು ಕಪ್ಪಾದಲ್ಲಿ, ಆ ಮೂಲದ ನೀರನ್ನು ಕುದಿಸದೆ ಕುಡಿಯಬಾರದೆಂದು ಅಂದೇ ಊರಿನಲ್ಲಿ ಸಾರಿಸಿ, ಮಾದರಿಯನ್ನು ಪ್ರಯೋಗಾಲಯಕ್ಕೆ ಕಳುಹಿಸತಕ್ಕದ್ದು.