ಗ್ರಾಂಟ್ ಗ್ರೀನ್: ತೀರಿಕೊಂಡ ಮೇಲೂ ಹೊಸ ಆಲ್ಬಂ ಹೇಗೆ?

ಪ್ರಶ್ನೆ: ಅಮೆರಿಕದ ಗಿಟಾರ್ ವಾದಕ ಗ್ರಾಂಟ್ ಗ್ರೀನ್ 1979ರಲ್ಲೇ ತೀರಿಕೊಂಡರು. ಆದರೂ 2018ರಲ್ಲಿ ಅವರ ಎರಡು ಆಲ್ಬಂಗಳು ಮೊದಲ ಬಾರಿಗೆ ಹೊರಬಂದಿವೆ. ಇದು ಹೇಗೆ ಸಾಧ್ಯ? ಇಷ್ಟು ವರ್ಷ ಬಿಡುಗಡೆ ಮಾಡಿರಲಿಲ್ಲವೆಂದರೆ ಅವು ಅಷ್ಟೇನೂ ಚೆನ್ನಾಗಿಲ್ಲವೆಂದು ತಿಳಿಯಬೇಕೆ?

ಉತ್ತರ: ಒಳ್ಳೆಯ ಪ್ರಶ್ನೆ ಕೇಳಿದ್ದೀರಿ. ನಿಮ್ಮ ಸಂದೇಹದಲ್ಲಿ ಎರಡು ಭಾಗಗಳಿವೆ. ಕಲಾವಿದರು ಇಲ್ಲವಾದ ಮೇಲೆ ಹೊಸ ಸಂಗೀತ ಎಲ್ಲಿಂದ ಬರುತ್ತದೆ ಎನ್ನುವುದು ಒಂದು. ಬಿಡುಗಡೆಯಾಗದೆ ಉಳಿದದ್ದು ಕಳಪೆಯೇ ಎನ್ನುವುದು ಇನ್ನೊಂದು. ಒಂದೊಂದಾಗಿ ನೋಡೋಣ.

ಮೊದಲು ಗ್ರೀನ್ ಅವರ ಪರಿಚಯ. ಸೇಂಟ್ ಲೂಯಿಸ್ ನಗರದಲ್ಲಿ 1935ರಲ್ಲಿ ಹುಟ್ಟಿದವರು. 1960ರ ಸುಮಾರಿಗೆ ನ್ಯೂಯಾರ್ಕಿಗೆ ಬಂದು ಬ್ಲೂ ನೋಟ್ ಎಂಬ ಜಾಝ್ ಕಂಪನಿಗೆ ನುಡಿಸತೊಡಗಿದರು. ಅವರು ಹೆಸರಾದದ್ದು ‘ಸೋಲ್ ಜಾಝ್’ ಶೈಲಿಯಲ್ಲಿ. ಬ್ಲೂಸ್ ಮತ್ತು ಕಪ್ಪು ಜನರ ಚರ್ಚುಗಳ ಹಾಡಿನ ಧಾಟಿಯನ್ನು ಜಾಝ್ ಜೊತೆ ಬೆರೆಸಿದ ಸಂಗೀತ ಇದು. ಗಿಟಾರಿಗೆ ಜೊತೆಯಾಗಿ ಹ್ಯಾಮಂಡ್ ಆರ್ಗನ್ ಇರುವುದು ಇದರಲ್ಲಿ ಸಾಮಾನ್ಯ. 1969ರಿಂದ ಗ್ರೀನ್, ಗಾಯಕ ಜೇಮ್ಸ್ ಬ್ರೌನ್ ಜನಪ್ರಿಯಗೊಳಿಸಿದ ಫಂಕ್ ಕಡೆಗೆ ಹೊರಳಿದರು. ಫಂಕ್‌ನಲ್ಲಿ ರಾಗಕ್ಕಿಂತ ಲಯವೇ ಮುಂದು. ಡ್ರಮ್ ಮತ್ತು ಬೇಸ್ ಒಂದು ನಡೆಯನ್ನು ಹಿಡಿದು ಬಿಡದೆ ಸುತ್ತುತ್ತಿರುತ್ತವೆ.

ಈಗ ನಿಮ್ಮ ಮೊದಲ ಸಂದೇಹ. ಬಿಡುಗಡೆಯಾಗದ ಧ್ವನಿಮುದ್ರಣಗಳು ಮುಖ್ಯವಾಗಿ ಎರಡು ಕಡೆಯಿಂದ ಬರುತ್ತವೆ.

ಒಂದು, ಕಂಪನಿಯ ಟೇಪು ದಾಸ್ತಾನು. ಬ್ಲೂ ನೋಟ್‌ನ ಯಜಮಾನ ಆಲ್ಫ್ರೆಡ್ ಲಯನ್ ತಮಗೆ ಮೆಚ್ಚಿಗೆಯಾದವರನ್ನು ಮತ್ತೆ ಮತ್ತೆ ಸ್ಟುಡಿಯೊಗೆ ಕರೆಸುತ್ತಿದ್ದರು. 1961ರಿಂದ 1965ರವರೆಗೆ ಗ್ರೀನ್ ತಮ್ಮ ಹೆಸರಿನಲ್ಲೂ ಬೇರೆಯವರ ಜೊತೆಗೂ ಲೆಕ್ಕವಿಲ್ಲದಷ್ಟು ನುಡಿಸಿದರು. ಮುದ್ರಿಸಿಕೊಂಡದ್ದನ್ನೆಲ್ಲ ಮಾರುಕಟ್ಟೆಗೆ ತರಲು ಸಾಧ್ಯವಿರಲಿಲ್ಲ. ಉಳಿದದ್ದು ಕಪಾಟು ಸೇರಿತು. 1975ರಲ್ಲಿ ಮೈಕೆಲ್ ಕಸ್ಕುನಾ ಎಂಬ ನಿರ್ಮಾಪಕರಿಗೆ ಆ ದಾಸ್ತಾನನ್ನು ಶೋಧಿಸುವ ಅವಕಾಶ ಸಿಕ್ಕಿತು. ಅವರು ಟೇಪುಗಳನ್ನು ಕೇಳಿ, ಯಾರು, ಯಾವಾಗ, ಏನು ನುಡಿಸಿದರೆಂದು ಪಟ್ಟಿ ಮಾಡುತ್ತ ಹೋದರು. ಗ್ರೀನ್ 1964ರಲ್ಲಿ ನುಡಿಸಿದ್ದ ‘ಮ್ಯಾಟಡೋರ್’, ‘ಸಾಲಿಡ್’ ಹೊರಬಂದದ್ದು 1979ರಲ್ಲಿ, ಅಂದರೆ ಅವರು ತೀರಿಕೊಂಡ ವರ್ಷ.

ಇನ್ನೊಂದು, ರೇಡಿಯೊ. ನಮ್ಮ ಆಕಾಶವಾಣಿಯ ಸಂಗ್ರಹದಲ್ಲಿದ್ದ ಹಿಂದೂಸ್ತಾನಿ ಗಾಯಕರ ಕಛೇರಿಗಳು ಎಷ್ಟೋ ವರ್ಷಗಳ ನಂತರ ಕ್ಯಾಸೆಟ್, ಸಿಡಿಗಳಾಗಿ ಬಂದದ್ದು ನಿಮಗೆ ನೆನಪಿರಬಹುದು. ನೀವು ಹೇಳಿದ 2018ರ ಎರಡೂ ಆಲ್ಬಂಗಳ ಕಥೆ ಅದೇ. ‘ಫಂಕ್ ಇನ್ ಫ್ರಾನ್ಸ್’ ಆಲ್ಬಂನಲ್ಲಿರುವುದು 1969ರಲ್ಲಿ ಪ್ಯಾರಿಸ್ಸಿನ ರೇಡಿಯೊ ಭವನದಲ್ಲೂ 1970ರಲ್ಲಿ ಆಂಟೀಬ್ ಜಾಝ್ ಉತ್ಸವದಲ್ಲೂ ನುಡಿಸಿದ ಕಛೇರಿಗಳು. ‘ಸ್ಲಿಕ್’ ಎಂಬುದು 1975ರಲ್ಲಿ ಕೆನಡಾದ ವ್ಯಾಂಕೂವರ್ ನಗರದ ಆಯಿಲ್ ಕ್ಯಾನ್ ಹ್ಯಾರೀಸ್ ಕ್ಲಬ್ಬಿನಲ್ಲಿ ಅಲ್ಲಿನ ರೇಡಿಯೊದವರು ಮುದ್ರಿಸಿಕೊಂಡ ಕಛೇರಿ. ಎರಡನ್ನೂ ಪ್ರಕಟಿಸಿದ್ದು ರೆಸೊನೆನ್ಸ್ ರೆಕಾರ್ಡ್ಸ್. ಹೀಗೆ ಆಗ ನುಡಿಸಿದ್ದೇ ಈಗ ತಲುಪಿದೆ. ಯಂತ್ರದಿಂದ ಹೊಸದಾಗಿ ಸೃಷ್ಟಿಸಿದ್ದೇನೂ ಇಲ್ಲ.

ಇಲ್ಲಿ ಒಂದು ಗೊಂದಲ ಆಗುವುದು ಸಹಜ. ‘ಬಿಡುಗಡೆಯಾಗದ ಧ್ವನಿಮುದ್ರಣ’, ‘ಮರುಬಿಡುಗಡೆ’, ‘ಕಳ್ಳ ಮುದ್ರಿಕೆ’ ಇವು ಮೂರೂ ಬೇರೆ ಬೇರೆ. ಹಿಂದೆ ಮಾರಾಟವಾಗಿದ್ದ ಆಲ್ಬಂ ಮತ್ತೆ ಅಚ್ಚಾಗಿ ಬಂದರೆ ಅದು ಮರುಬಿಡುಗಡೆ. ಅನುಮತಿಯಿಲ್ಲದೆ ಯಾರೋ ಮುದ್ರಿಸಿಕೊಂಡೋ ನಕಲು ಮಾಡಿಯೋ ಮಾರಿದರೆ ಅದು ಕಳ್ಳ ಮುದ್ರಿಕೆ. ನಾವು ಮಾತಾಡುತ್ತಿರುವುದು ಇದುವರೆಗೆ ಮಾರುಕಟ್ಟೆಗೆ ಬರದೆ, ಈಗ ಹಕ್ಕುದಾರರ ಒಪ್ಪಿಗೆ ಪಡೆದು ಬರುವ ಸಂಗೀತದ ಬಗ್ಗೆ. ಫ್ರಾನ್ಸಿನ ಕಛೇರಿಗಳು ಬಂದದ್ದು ಆ ದೇಶದ ರೇಡಿಯೊ, ಟಿ.ವಿ. ಸಂಗ್ರಹವನ್ನು ಕಾಪಾಡುವ ಸಂಸ್ಥೆಯ ಸಹಯೋಗದಲ್ಲಿ.

ಇನ್ನು ನಿಮ್ಮ ಎರಡನೆಯ ಸಂದೇಹ: ಕಪಾಟಿನಲ್ಲಿ ಉಳಿದದ್ದೆಲ್ಲ ಕಳಪೆಯೇ? ಇದಕ್ಕೆ ಗ್ರೀನ್ ಅವರ ಮೊದಲ ಹೆಜ್ಜೆಯೇ ಉತ್ತರ ಹೇಳುತ್ತದೆ. 1960ರ ನವೆಂಬರಿನಲ್ಲಿ ಬ್ಲೂ ನೋಟ್ ಅವರ ಮೊದಲ ಆಲ್ಬಂ ಮುದ್ರಿಸಿತು. ಜೊತೆಗಿದ್ದವರು ಪಿಯಾನೊದಲ್ಲಿ ವಿಂಟನ್ ಕೆಲಿ, ಬೇಸ್‌ನಲ್ಲಿ ಪಾಲ್ ಚೇಂಬರ್ಸ್, ಡ್ರಮ್‌ನಲ್ಲಿ ಫಿಲಿ ಜೋ ಜೋನ್ಸ್. ಮೂವರೂ ಹೆಸರಾಂತ ಜಾಝ್ ಕಲಾವಿದ ಮೈಲ್ಸ್ ಡೇವಿಸ್ ಅವರ ತಂಡದಲ್ಲಿ ಪಳಗಿದವರು. ಆದರೂ ಅದು ಬಿಡುಗಡೆಯಾಗಲಿಲ್ಲ. ಬದಲಿಗೆ, 1961ರ ಜನವರಿಯಲ್ಲಿ ಬೇಬಿ ಫೇಸ್ ವಿಲೆಟ್ ಅವರ ಆರ್ಗನ್ ಜೊತೆ ನುಡಿಸಿದ ‘ಗ್ರಾಂಟ್ಸ್ ಫಸ್ಟ್ ಸ್ಟ್ಯಾಂಡ್’ ಅವರ ಮೊದಲ ಆಲ್ಬಂ ಎನಿಸಿತು. ನಿಜವಾದ ಮೊದಲನೆಯದು ‘ಫಸ್ಟ್ ಸೆಷನ್’ ಎಂಬ ಹೆಸರಿನಲ್ಲಿ ಬಂದದ್ದು 2001ರಲ್ಲಿ. 1961ರ ಡಿಸೆಂಬರ್ ಮತ್ತು 1962ರ ಜನವರಿಯಲ್ಲಿ ಪಿಯಾನೊ ವಾದಕ ಸಾನಿ ಕ್ಲಾರ್ಕ್ ಜೊತೆ ನುಡಿಸಿದ ಮೂರು ಆಲ್ಬಂಗಳಷ್ಟು ಸಂಗೀತವೂ ಹೀಗೆಯೇ ಉಳಿದುಹೋಯಿತು. ಇಂದು ಅನೇಕ ರಸಿಕರು ಗ್ರೀನ್ ಅವರ ಅತ್ಯುತ್ತಮ ವಾದನವೆಂದು ತೋರಿಸುವುದು ಅದನ್ನೇ.

ಆದ್ದರಿಂದ ‘ಬಿಡುಗಡೆಯಾಗಲಿಲ್ಲ’ ಎನ್ನುವುದು ಮೊದಲಿಗೆ ಆ ಕಾಲದ ವ್ಯಾಪಾರದ ಬಗ್ಗೆ ಹೇಳುವ ಮಾತು, ಸಂಗೀತಕ್ಕೆ ಕೊಟ್ಟ ಅಂಕವಲ್ಲ. ಹಾಗೆಂದು ಸಿಕ್ಕಿದ ಟೇಪೆಲ್ಲ ಚಿನ್ನವೂ ಅಲ್ಲ. ಕೆಲವು ಅಪೂರ್ಣ, ಕೆಲವು ಒಂದೇ ರಚನೆಯ ಎರಡನೆಯ ಪ್ರಯತ್ನ, ಕೆಲವಕ್ಕೆ ಧ್ವನಿಯ ಗುಣಮಟ್ಟ ಸಾಲದು.

ಹಾಗಾದರೆ ಈ ಎರಡು ಆಲ್ಬಂಗಳಿಂದ ಹೊಸದಾಗಿ ತಿಳಿಯುವುದೇನು? ಪ್ಯಾರಿಸ್ಸಿನಲ್ಲಿ ಬಹುತೇಕ ಗ್ರೀನ್ ಜೊತೆಗೆ ಬೇಸ್ ಮತ್ತು ಡ್ರಮ್ ಮಾತ್ರ ಇದ್ದವು. ಅಲ್ಲಿ ಜೇಮ್ಸ್ ಬ್ರೌನ್ ಅವರ ಫಂಕ್ ಗೀತೆಯೊಂದನ್ನೂ ಹಳೆಯ ಜಾಝ್ ರಚನೆಗಳನ್ನೂ ಒಂದೇ ಕಛೇರಿಯಲ್ಲಿ ನುಡಿಸುತ್ತಾರೆ. ಫಂಕ್‌ಗೆ ಹೋದವರು ಜಾಝ್ ಬಿಟ್ಟರು ಎಂಬ ಆಕ್ಷೇಪಕ್ಕೆ ಇದು ಉತ್ತರ. ವ್ಯಾಂಕೂವರ್ ಟೇಪಿನ ಬೆಲೆ ಬೇರೆ ಬಗೆಯದು. 1972ರ ನಂತರ 1976ರವರೆಗೆ ಗ್ರೀನ್ ಸ್ವಂತ ಹೆಸರಿನಲ್ಲಿ ಹೊಸ ಆಲ್ಬಂ ತರಲಿಲ್ಲ. ನಡುವಿನ ಆ ಅವಧಿಯಲ್ಲಿ ಅವರು ವೇದಿಕೆಯಲ್ಲಿ ಹೇಗೆ ನುಡಿಸುತ್ತಿದ್ದರು ಎಂಬುದನ್ನು ಇಲ್ಲಿ ಕೇಳಬಹುದು. ಜಾಝ್ ದಿಗ್ಗಜ ಚಾರ್ಲಿ ಪಾರ್ಕರ್ ಅವರ ರಚನೆಯಿಂದ ಆರಂಭಿಸಿ, ಸ್ಟೀವಿ ವಂಡರ್ ಮತ್ತು ಓಹಾಯೊ ಪ್ಲೇಯರ್ಸ್ ಹಾಡುಗಳನ್ನು ಪೋಣಿಸಿದ ಅರ್ಧ ಗಂಟೆಗೂ ಮೀರಿದ ಮಾಲಿಕೆಯವರೆಗೆ ಸಾಗುತ್ತಾರೆ. ಸ್ಟುಡಿಯೊದ ಎಲ್‌ಪಿಯ ಒಂದು ಬದಿಯಲ್ಲಿ ಇಷ್ಟು ಉದ್ದದ ವಾದನ ಹಿಡಿಸುವುದೇ ಕಷ್ಟ.

ಕೊನೆಗೊಂದು ಸಲಹೆ. ಇಂಥ ಆಲ್ಬಂ ಕೈಗೆ ಬಂದಾಗ ಬಿಡುಗಡೆಯ ವರ್ಷದ ಬದಲು ಧ್ವನಿಮುದ್ರಣದ ದಿನಾಂಕ ನೋಡಿ, ಆ ಕ್ರಮದಲ್ಲೇ ಕೇಳಿ. ‘ಫಸ್ಟ್ ಸೆಷನ್’, ಸಾನಿ ಕ್ಲಾರ್ಕ್ ಜೊತೆಗಿನ ವಾದನ, ‘ಮ್ಯಾಟಡೋರ್’, ಆಮೇಲೆ ಫ್ರಾನ್ಸ್, ವ್ಯಾಂಕೂವರ್. ಬ್ಲೂಸ್ ಬಲ್ಲ ಜಾಝ್ ಗಿಟಾರ್ ವಾದಕರೊಬ್ಬರು ಫಂಕ್‌ವರೆಗೆ ನಡೆದ ದಾರಿ ನಿಮಗೇ ಸ್ಪಷ್ಟವಾಗುತ್ತದೆ.